ಝಿಂಕ್ ಆಕ್ಸೈಡ್ ಎಲ್ಇಡಿ ಬೆಳಕಲ್ಲೂ ಕೆಲಸ ಮಾಡಿದ್ದು ಹೀಗೆ

ಝಿಂಕ್ ಆಕ್ಸೈಡ್ ಪುಡಿ ಬೆಳಕು ಹೀರಿ ನೀರಲ್ಲಿನ ಬಣ್ಣವನ್ನು ಒಡೆಯುತ್ತದೆ. ಅದನ್ನು ಹಾಕಿ ಬಿಸಿಲಿನಲ್ಲಿಟ್ಟರೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೇಗ ಹೋಗುತ್ತಿತ್ತು. ಬಿಳಿ ಎಲ್ಇಡಿ ಕೆಳಗಿಟ್ಟರೆ ನೀಲಿ ಹಾಗೇ ಉಳಿಯುತ್ತಿತ್ತು. ಝಿಂಕ್ ಆಕ್ಸೈಡ್ ಹೀರುವುದು ಸುಮಾರು 380 ನ್ಯಾನೊಮೀಟರ್‌ಗಿಂತ ಕಮ್ಮಿ ತರಂಗಾಂತರದ ಬೆಳಕನ್ನು, ಅಂದರೆ ಅತಿನೇರಳೆಯನ್ನು. ಎಲ್ಇಡಿಯಲ್ಲಿ ಅದು ಇಲ್ಲ ಅಲ್ವಾ?

ಮ್ಯಾಂಗನೀಸ್ ಸೇರಿಸಿದೆ. ಪುಡಿ ಬಣ್ಣ ತಿರುಗಿತು, ಕೆಲಸ ಇನ್ನೂ ಕಮ್ಮಿಯಾಯಿತು. ಬೆಳ್ಳಿ ಲೇಪಿಸಿದ್ದು ಮೊದಲ ಸಲ ಪರವಾಗಿಲ್ಲ, ತೊಳೆದು ಮತ್ತೆ ಬಳಸಿದರೆ ಮಂಕು. ಪುಡಿ ಜಾಸ್ತಿ ಹಾಕಿದರೆ ದ್ರಾವಣ ಮಜ್ಜಿಗೆಯಂತಾಗಿ ಬೆಳಕೇ ಒಳಗೆ ಹೋಗಲಿಲ್ಲ.

ಕೈಹಿಡಿದದ್ದು ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್ ಎಂಬ, ಇಂಗಾಲ-ಸಾರಜನಕದ ಹಳದಿ ವಸ್ತು. ಇದು ಸುಮಾರು 460 ನ್ಯಾನೊಮೀಟರ್‌ವರೆಗೆ ಹೀರುತ್ತದೆ. ಮುಚ್ಚಳವಿರುವ ಅಲ್ಯೂಮಿನಾ ಮೂಸೆಯಲ್ಲಿ ಮೆಲಮೈನ್ ಹಾಕಿ, ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ, 550 ಡಿಗ್ರಿಯಲ್ಲಿ 4 ಗಂಟೆ ಇಡಿ. ಅಮೋನಿಯಾ ಬರುತ್ತದೆ, ಫ್ಯೂಮ್ ಹುಡ್ (ಅನಿಲ ಹೊರಗೆಳೆಯುವ ಗೂಡು) ಬೇಕೇ ಬೇಕು. ಸಿಗುವ ಹಳದಿ ಗಟ್ಟಿಯನ್ನು ನುಣ್ಣಗೆ ಅರೆಯಿರಿ.

ಮುಂದಿನ ಕ್ರಮ ಮುಖ್ಯ. ಅದರ 100 ಮಿಲಿಗ್ರಾಂ ಮಾತ್ರ 50 ಮಿಲಿಲೀಟರ್ ಮೆಥನಾಲ್‌ಗೆ ಹಾಕಿ 1 ಗಂಟೆ ಸೋನಿಕೇಟ್ ಮಾಡಿ (ಶ್ರವಣಾತೀತ ಧ್ವನಿಯಿಂದ ಕದಡಿ). ಆಮೇಲೆ 900 ಮಿಲಿಗ್ರಾಂ ಝಿಂಕ್ ಆಕ್ಸೈಡ್ ಸೇರಿಸಿ, ಹುಡ್‌ನಲ್ಲೇ ಮೆಥನಾಲ್ ಆರುವವರೆಗೆ ಕಲಕಿ. 80 ಡಿಗ್ರಿಯಲ್ಲಿ ಒಣಗಿಸಿ, 300 ಡಿಗ್ರಿಯಲ್ಲಿ 1 ಗಂಟೆ ಕಾಯಿಸಿ. ಎರಡನ್ನೂ ಒಟ್ಟಿಗೆ ಸುಮ್ನೆ ಅರೆದರೆ ಸರಿಯಾಗಿ ಅಂಟುವುದಿಲ್ಲ.

ಪರೀಕ್ಷೆ: 420 ನ್ಯಾನೊಮೀಟರ್ ಕಟ್-ಆಫ್ ಫಿಲ್ಟರ್ (ಅದಕ್ಕಿಂತ ಕಮ್ಮಿ ತರಂಗಾಂತರದ ಬೆಳಕನ್ನು ತಡೆಯಲು), ಮೊದಲು 30 ನಿಮಿಷ ಕತ್ತಲು (ಬಣ್ಣ ಪುಡಿಗೆ ಅಂಟುವುದು ಮುಗಿಯಲಿ ಅಂತ), ಪಿಎಚ್ 7ರಿಂದ 9. ಆಮ್ಲದಲ್ಲಿ ಝಿಂಕ್ ಆಕ್ಸೈಡ್ ಕರಗಿಬಿಡುತ್ತದೆ. ಮೆಥಿಲೀನ್ ಬ್ಲೂ ತಾನೇ ಬೆಳಕು ಹೀರುವುದರಿಂದ ಬಣ್ಣವಿಲ್ಲದ ಫೀನಾಲ್‌ನಲ್ಲೂ ಒಮ್ಮೆ ನೋಡಿ.