ಕರೆಂಟಿನ ಕಾರು ಅಪಘಾತವಾದರೆ ಮುಟ್ಟಬಹುದಾ? ನನ್ನ ಅನುಭವ

ಅಪಘಾತ ಆದ ಮೇಲೆ ಮನೆಗೆ ನೋಡಲು ಬಂದವರೆಲ್ಲ ಎರಡು ಪ್ರಶ್ನೆ ಕೇಳಿದ್ದಾರೆ. "ಶಾಕ್ ಹೊಡೀಲಿಲ್ಲೇನ್ರಿ?" "ಬೆಂಕಿ ಹತ್ತಲಿಲ್ಲೇನ್ರಿ?" ಕೇಳುವುದರಲ್ಲಿ ತಪ್ಪಿಲ್ಲ. ಚಾರ್ಜಿಂಗ್ ಕಾರು ನಮ್ಮ ಕಡೆ ಇನ್ನೂ ಹೊಸದು. ಆದರೆ ಆ ರಾತ್ರಿ ಇದೇ ಶಾಕಿನ ಭಯದಿಂದ ಜನ ನಮ್ಮ ಕಾರಿನ ಹತ್ತಿರ ಬರದೆ ದೂರ ನಿಂತಿದ್ದರು. ಆಮೇಲೆ, ನಿಜವಾಗಿ ಎಚ್ಚರ ಬೇಕಾದ ಹೊತ್ತಿನಲ್ಲಿ, ಯಾರಿಗೂ ಯಾವ ಭಯವೂ ಇರಲಿಲ್ಲ. ಹೆದರಬೇಕಾದ್ದು ಯಾವುದಕ್ಕೆ, ಹೆದರಬಾರದ್ದು ಯಾವುದಕ್ಕೆ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ನಾನು ಧಾರವಾಡದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಹಾಗಾಗಿ ಕೆಲವು ಸಂಗತಿ ಮೊದಲೇ ಗೊತ್ತಿದ್ದವು. ಉಳಿದದ್ದು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಓದಿಕೊಂಡದ್ದು.

ಬ್ಯಾಡಗಿಯಿಂದ ವಾಪಸ್ ಬರುತ್ತಿದ್ದೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ನಮ್ಮ ಮನೆಯವರು, ಹಿಂದೆ ಅವ್ವ. ಡಿಕ್ಕಿಯಲ್ಲಿ ವರ್ಷಕ್ಕಾಗುವ ಮೆಣಸಿನಕಾಯಿ ಚೀಲ. ಗಬ್ಬೂರಿನಲ್ಲಿ ಬೈಪಾಸ್ ಹಿಡಿದಾಗ ಕತ್ತಲಾಗಿತ್ತು. ಗಬ್ಬೂರಿನಿಂದ ನರೇಂದ್ರದವರೆಗಿನ ಈ 30 ಕಿಲೋಮೀಟರ್ ರಸ್ತೆಯ ಬಗ್ಗೆ ಹುಬ್ಬಳ್ಳಿ-ಧಾರವಾಡದವರಿಗೆ ಹೇಳಬೇಕಾಗಿಲ್ಲ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ. ಪುಣೆ, ಬೆಂಗಳೂರಿನ ಲಾರಿಗಳೆಲ್ಲ ಇದರ ಮೇಲೆಯೇ. ಆದರೆ ಹೋಗಲೊಂದು, ಬರಲೊಂದು ಪಥ, ನಡುವೆ ಡಿವೈಡರ್ ಇರಲಿಲ್ಲ. 2021ರ ಜನವರಿಯಲ್ಲಿ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಸಿಕ್ಕು ಸತ್ತದ್ದು ಇದೇ ರಸ್ತೆಯಲ್ಲಿ. ಅದಾದ ಮೇಲೆ ಆರು ಪಥ ಮಾಡುವ ಕೆಲಸಕ್ಕೆ ವೇಗ ಬಂತು. ನಮಗೆ ಅಪಘಾತ ಆದ ಜಾಗದಲ್ಲಿ ಇನ್ನೂ ಹಳೆಯ ರಸ್ತೆಯೇ ಇತ್ತು.

ತಾರಿಹಾಳ ದಾಟಿದ ಮೇಲೆ ಎದುರಿನಿಂದ ಒಂದು ಸರಕಿನ ಗಾಡಿ ಲಾರಿಯನ್ನು ಓವರ್‌ಟೇಕ್ ಮಾಡುತ್ತ ನಮ್ಮ ಪಥಕ್ಕೇ ಬಂತು. ಬ್ರೇಕ್ ಒತ್ತಿ ಎಡಕ್ಕೆ ಎಳೆದೆ. ನೇರ ಮುಖಕ್ಕೆ ಮುಖ ಆಗಲಿಲ್ಲ, ಬಲಗಡೆಯ ಮೂಲೆಗೆ ಹೊಡೆಯಿತು. ಕಾರು ಗಿರ್ರನೆ ತಿರುಗಿ ರಸ್ತೆ ಬದಿಯ ಎರೆ ಮಣ್ಣಿನಲ್ಲಿ ನಿಂತಿತು. ಪಲ್ಟಿ ಆಗಲಿಲ್ಲ. ಬ್ಯಾಟರಿ ಇಡೀ ತಳದಲ್ಲಿ ಹಾಸಿಕೊಂಡಿರುವುದರಿಂದ ಈ ಕಾರುಗಳ ಭಾರವೆಲ್ಲ ಕೆಳಗಿರುತ್ತದೆ, ಅಷ್ಟು ಸುಲಭಕ್ಕೆ ಮಗುಚುವುದಿಲ್ಲ. ಇದು ಪುಸ್ತಕದಲ್ಲಿ ಓದಿದ್ದ ಮಾತು, ಅವತ್ತು ಮೈಗೆ ಗೊತ್ತಾಯಿತು.

ಮೂವರೂ ಬೆಲ್ಟ್ ಹಾಕಿದ್ದೆವು. 2022ರಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ಕಾರು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. ಅವ್ವ ಪ್ರತಿ ಸಲ "ಸೀರಿ ಮುದುಡ್ತೈತಿ" ಅನ್ನುತ್ತಾಳೆ, ಆದರೂ ಹಾಕುತ್ತಾಳೆ. ಅವತ್ತು ಅವ್ವ ಬೆಲ್ಟ್ ಹಾಕದಿದ್ದರೆ ನನ್ನ ಸೀಟಿನ ಬೆನ್ನಿಗೆ ಬಂದು ಬಡಿಯುತ್ತಿದ್ದಳು. ಇಬ್ಬರೂ ಉಳಿಯುತ್ತಿರಲಿಲ್ಲ. ಇದರಲ್ಲಿ ನನಗೆ ಸಂಶಯವೇ ಇಲ್ಲ.

ಏರ್‌ಬ್ಯಾಗ್ ಸಿಡಿದ ಮೇಲೆ ಕಾರಿನ ತುಂಬ ಬಿಳಿ ಪುಡಿ, ಪಟಾಕಿ ಸುಟ್ಟಂಥ ವಾಸನೆ. ಅದು ಬೆಂಕಿಯ ಹೊಗೆಯಲ್ಲ. ಅದರ ಜೊತೆಗೆ ಚೀಲ ಒಡೆದು ಮೆಣಸಿನಕಾಯಿ ಘಾಟು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅಂತಾರೆ, ಮುಚ್ಚಿದ ಕಾರಿನಲ್ಲಿ ಉಸಿರು ಕಟ್ಟಿಸಲು ಅಷ್ಟೇ ಸಾಕಿತ್ತು. ಎಲ್ಲರೂ ಕೆಮ್ಮುತ್ತಿದ್ದೆವು. ಬ್ಯಾಟರಿ ಕೆಟ್ಟರೆ ಬರುವ ವಾಸನೆ ಬೇರೆ, ಸ್ವಲ್ಪ ಸಿಹಿ, ಥಿನ್ನರ್ ತರಹ. ಅದು ಬರುತ್ತಿದೆಯಾ ಅಂತ ಮೂಗಿನಿಂದ ತಿಳಿಯುವಂತಿರಲಿಲ್ಲ. ಹಾಗಾಗಿ ಕಿವಿ ಕೊಟ್ಟೆ. ತಳದಿಂದ ಬುಸ್ ಅನ್ನುವ ಸದ್ದಾಗಲಿ, ಪಟಪಟ ಸದ್ದಾಗಲಿ ಇರಲಿಲ್ಲ. ಗೇರ್ ನಾಬ್ ಪಾರ್ಕ್‌ಗೆ ಹಾಕಿ ಬಟನ್ ಒತ್ತಿ ಕಾರು ಆಫ್ ಮಾಡಿದೆ. ಇದನ್ನು ಮರೆಯಬೇಡಿ. ಈ ಕಾರುಗಳಿಗೆ ಇಂಜಿನ್ ಸದ್ದು ಇಲ್ಲ. ಸಣ್ಣ ಗುದ್ದಿನಲ್ಲಿ ಏರ್‌ಬ್ಯಾಗ್ ತೆರೆಯದಿದ್ದರೆ ಕಾರು ಚಾಲೂ ಇದ್ದರೂ ಗೊತ್ತಾಗುವುದಿಲ್ಲ, ಕಾಲು ತಾಗಿದರೆ ಹೊರಟುಬಿಡುತ್ತದೆ.

ನನ್ನ ಕಡೆಯ ಬಾಗಿಲು ನಜ್ಜುಗುಜ್ಜಾಗಿತ್ತು. ಬಲ ಪಾದ ಪೆಡಲ್ ಹತ್ತಿರ ಸಿಕ್ಕಿಕೊಂಡಿತ್ತು. ಮನೆಯವರ ಕೈಗೆ ಪೆಟ್ಟಾಗಿ ಒಬ್ಬರೇ ಏನೂ ಮಾಡುವಂತಿರಲಿಲ್ಲ. ಹೊರಗೆ ಗಾಡಿ ನಿಲ್ಲಿಸಿ ಇಳಿದವರು ತುಂಬ ಜನ ಇದ್ದರು, ಮೊಬೈಲ್ ಟಾರ್ಚ್ ಹಿಡಿದಿದ್ದರು. ಹತ್ತಿರ ಮಾತ್ರ ಯಾರೂ ಇಲ್ಲ. ಒಬ್ಬರು ಹಸಿರು ನಂಬರ್ ಪ್ಲೇಟ್ ನೋಡಿ ಕೂಗಿದರು, "ಮುಟ್ಟಬ್ಯಾಡ್ರೋ, ಕರೆಂಟಿನ ಗಾಡಿ ಐತಿ, ಹಿಡ್ಕೊಂತೈತಿ!" ಅವರದು ಕೆಟ್ಟ ಮನಸ್ಸಲ್ಲ. ಹೊಲದಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿ ಸತ್ತವರನ್ನು ನೋಡಿದ ಊರು ನಮ್ಮದು.

ಆದರೆ ಕಾರಿನ ಲೆಕ್ಕ ಬೇರೆ. ಲೈನಿನ ಕರೆಂಟ್ ನಮ್ಮನ್ನು ಹೊಡೆಯುವುದು ಏಕೆ? ಟ್ರಾನ್ಸ್‌ಫಾರ್ಮರ್‌ನ ಒಂದು ತಂತಿ ಭೂಮಿಗೆ ಸೇರಿರುತ್ತದೆ. ಫೇಸ್ ಮುಟ್ಟಿದರೆ ನಮ್ಮ ಮೈಯಿಂದ ಭೂಮಿಗೆ ದಾರಿ ಸಿಗುತ್ತದೆ. ಕಾರಿನ ದೊಡ್ಡ ಬ್ಯಾಟರಿಯ ಪ್ಲಸ್, ಮೈನಸ್ ಎರಡೂ ಕಾರಿನ ಬಾಡಿಗೆ ಸೇರಿರುವುದಿಲ್ಲ, ಭೂಮಿಗಂತೂ ಇಲ್ಲವೇ ಇಲ್ಲ. 300 ವೋಲ್ಟ್‌ಗಿಂತ ಜಾಸ್ತಿ ಇದ್ದರೂ ಬಾಡಿ ಮುಟ್ಟಿದವನ ಮೈಯಲ್ಲಿ ಹರಿಯಲು ಅದಕ್ಕೆ ದಾರಿ ಇಲ್ಲ. ಇನ್ನೊಂದು ಕಾವಲೂ ಇದೆ. ಏರ್‌ಬ್ಯಾಗ್ ತೆರೆಯುವ ಕಂಪ್ಯೂಟರ್ರೇ ಬ್ಯಾಟರಿಯ ರಿಲೇಗಳಿಗೂ, ಅಂದರೆ ತಾನೇ ಕೆಲಸ ಮಾಡುವ ಸ್ವಿಚ್ಚುಗಳಿಗೂ, ಸಂದೇಶ ಕಳಿಸುತ್ತದೆ, ಅವು ತೆರೆದುಕೊಂಡು ಕರೆಂಟ್ ಕಡಿಯುತ್ತವೆ. ಕೆಲವು ಕಾರುಗಳಲ್ಲಿ ಸಣ್ಣ ಮದ್ದು ಸಿಡಿದು ತಂತಿಯನ್ನೇ ಕತ್ತರಿಸುವ ಫ್ಯೂಸ್ ಇರುತ್ತದೆ. ಬ್ಯಾಟರಿ ಪೆಟ್ಟಿಗೆಯಿಂದ ಆಚೆಗೆ ಕರೆಂಟ್ ನಿಂತುಹೋಗುತ್ತದೆ. 12 ವೋಲ್ಟ್‌ನ ಸಣ್ಣ ಬ್ಯಾಟರಿ ಮಾತ್ರ ಜೀವಂತ ಇರುತ್ತದೆ. ಬಾಗಿಲ ಲಾಕ್ ತಾನೇ ತೆರೆದದ್ದು, ಇಂಡಿಕೇಟರ್ ಮಿಣುಕುತ್ತಿದ್ದದ್ದು ಅದರಿಂದ.

ಮುಟ್ಟಬಾರದ್ದು ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು, ಅವು ಸೇರುವ ಪೆಟ್ಟಿಗೆಗಳನ್ನು, ಮತ್ತೆ ಒಡೆದು ಒಳಗು ಕಾಣುವ ಬ್ಯಾಟರಿಯನ್ನು. ರಿಲೇ ತೆರೆಯಿತೋ ಇಲ್ಲವೋ ಹೊರಗಿನಿಂದ ಹೇಳಲು ಬರುವುದಿಲ್ಲ, ಹಾಗಾಗಿ ಅವುಗಳಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಬೇಕು.

ಇಷ್ಟೆಲ್ಲ ವಿವರಿಸುವ ಹೊತ್ತು ಅದಲ್ಲ. "ಅಣ್ಣಾರ, ಏನೂ ಆಗಂಗಿಲ್ರಿ, ನಾವ್ ಒಳಗೇ ಕುಂತೇವಿ ನೋಡ್ರಿ, ಎಡಗಡೆ ಬಾಗ್ಲಾ ಎಳೀರಿ, ಮೊದ್ಲ ಅವ್ವನ್ನ ಇಳಿಸ್ರಿ" ಅಂತ ಕೂಗಿದೆ. ಲಾರಿಯ ಒಬ್ಬ ಹುಡುಗ ಮುಂದೆ ಬಂದು ಬಾಗಿಲಿಗೆ ಕೈ ಹಾಕಿದ. ಅವನಿಗೆ ಏನೂ ಆಗದ್ದು ಕಂಡು ಉಳಿದವರೂ ಬಂದರು. ಅವ್ವ, ಮನೆಯವರು ಬೇಗ ಇಳಿದರು. ನನ್ನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಪಾದ ಬಿಡಿಸಿ, ಪಕ್ಕದ ಸೀಟಿನ ಮೇಲಿಂದ ಎಳೆದುಕೊಂಡರು. ಆ ಹುಡುಗನಿಗೆ ನಾನು ಜೀವಮಾನ ಋಣಿ. ಹೆಸರು ಕೇಳಿದರೆ ಹೇಳದೆ ಹೋದ, ಪೊಲೀಸ್ ಸಾಕ್ಷಿಗೆ ಕರೆದಾರು ಅಂತ. ನೆರವಾದವರು ಹೆಸರು ಹೇಳಲೇಬೇಕು ಅಂತಿಲ್ಲ, ಅವರ ಮೇಲೆ ಕೇಸೂ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಇರುವುದೇ ಅದಕ್ಕೆ.

ಕೆಳಗೆ ಇಳಿಸಿದ ಮೇಲೆ ಜನ ನಮ್ಮನ್ನು ಕಾರಿನ ಪಕ್ಕದಲ್ಲೇ ಕೂರಿಸಲು ಹೋದರು. ಬೇಡ ಅಂದೆ. ಕಾರಿನ ಕಡೆಯಿಂದ ಗಾಳಿ ನಮ್ಮತ್ತ ಬೀಸದ ಬದಿಗೆ, ದೂರ ಒಯ್ದು ಕೂರಿಸಿದರು. ಬ್ಯಾಟರಿ ಹೊತ್ತಿಕೊಂಡರೆ ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷದ ಅನಿಲ ಇರುತ್ತದೆ, ಕುಡಿಯಬಾರದು. 112ಕ್ಕೆ ಕರೆ ಮಾಡಿದವರಿಗೆ "ಎಲೆಕ್ಟ್ರಿಕ್ ಕಾರು ಅಂತ ಹೇಳ್ರಿ" ಅಂದೆ. ಬರುವವರಿಗೆ ಅದು ಮೊದಲೇ ಗೊತ್ತಿರಬೇಕು. ಬ್ಯಾಟರಿ ಬೆಂಕಿಗೆ ಕಾರಿನಲ್ಲಿಡುವ, ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಸಾಲದು. ತುಂಬ ಹೊತ್ತು, ತುಂಬ ನೀರು ಹೊಡೆದು ತಣ್ಣಗೆ ಮಾಡಬೇಕು.

ಆಸ್ಪತ್ರೆಯದ್ದು ಬೇಗ ಹೇಳಿಬಿಡುತ್ತೇನೆ. ನನ್ನ ಬಲ ಕಾಲಿನ ಹರಡು ಮುರಿದಿತ್ತು, ಪ್ಲೇಟ್ ಹಾಕಿದರು. ಮನೆಯವರ ಮಣಿಕಟ್ಟು ಬಿರುಕು. ಅವ್ವ "ನನಗೇನೂ ಆಗಿಲ್ಲ" ಅನ್ನುತ್ತಿದ್ದಳು, ಆದರೆ ಹೊಟ್ಟೆಯ ಮೇಲೆ ಬೆಲ್ಟಿನ ಅಗಲಕ್ಕೆ ಕಪ್ಪು ಬರೆ ಎದ್ದಿತ್ತು. ಅಂಥ ಗುರುತು ಕಂಡರೆ ಒಳಗೆ ಕರುಳಿಗೋ ಗುಲ್ಮಕ್ಕೋ ಪೆಟ್ಟಾಗಿರಬಹುದು ಅಂತ ಡಾಕ್ಟರು ಸ್ಕ್ಯಾನ್ ಮಾಡಿಸಿ, ರಾತ್ರಿಯೆಲ್ಲ ನಿಗಾ ಇಟ್ಟರು. ದೇವರ ದಯೆ, ಪಕ್ಕೆಲುಬಿಗಷ್ಟೇ ಪೆಟ್ಟು. ನೋವಿಲ್ಲ ಅಂತ ಹಿರಿಯರನ್ನು ಮನೆಗೆ ಕರೆದುಕೊಂಡು ಹೋಗಬೇಡಿ. ಖರ್ಚಿನ ಬಗ್ಗೆಯೂ ಒಂದು ಮಾತು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ, ನಿಗದಿಯಾದ ಆಸ್ಪತ್ರೆಗಳಲ್ಲಿ. ದಾಖಲಾಗುವಾಗಲೇ ಕೇಳಿ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಜನ ಕಾರಿನಿಂದ ಇಳಿದರು, ಬೆಂಕಿ ಹತ್ತಲಿಲ್ಲ, ಮುಗಿಯಿತು ಅಂತ ಎಲ್ಲರೂ ನಿರಾಳವಾದರು. ಕ್ರೇನ್ ಬಂತು. ಅವರು ಎಂದಿನಂತೆ ತಳಕ್ಕೆ ಚೈನ್ ಹಾಕಿ, ಒಂದು ಬದಿ ಎತ್ತಿ, ಎಳೆದುಕೊಂಡು ಹೋಗಲು ಸಿದ್ಧರಾದರು. ನಾನು ಆಂಬುಲೆನ್ಸ್‌ನಲ್ಲಿ ಹೊರಟಿದ್ದೆ, ಮನೆಯವರು ತಮ್ಮ ಗೆಳೆಯರನ್ನು ಅಲ್ಲಿ ನಿಲ್ಲಿಸಿದ್ದರು. ಅವರಿಗೆ ಫೋನಿನಲ್ಲೇ ಎರಡು ಮಾತು ಹೇಳಿದೆ. ತಳ ಅಂದರೆ ಬ್ಯಾಟರಿ, ಅಲ್ಲಿಗೆ ಚೈನ್, ಕೊಕ್ಕೆ ತಾಗಬಾರದು. ಮತ್ತೆ, ಚಕ್ರ ಉರುಳಿಸಿ ಎಳೆಯಬಾರದು. ಮೋಟರಿಗೆ ಸೇರಿದ ಚಕ್ರ ತಿರುಗಿದರೆ ಮೋಟರ್ ಜನರೇಟರ್ ಆಗಿ ಕರೆಂಟ್ ಹುಟ್ಟಿಸುತ್ತದೆ. ಪೆಟ್ಟಾದ ಕಾರಿನಲ್ಲಿ ಅದು ಎಲ್ಲಿಗೆ ಹರಿಯುತ್ತದೋ ಹೇಳಲಾಗದು. ಕ್ರೇನ್‌ನವರು ಮೊದಲು ಒಪ್ಪಲಿಲ್ಲ, ಆಮೇಲೆ ಪೂರ್ತಿ ಮೇಲೆ ಹೇರಿಕೊಳ್ಳುವ ಗಾಡಿ ತರಿಸಿದರು. ತಡವಾಯಿತು, ದುಡ್ಡೂ ಜಾಸ್ತಿ ಆಯಿತು. ಆದರೂ ಸರಿ.

ಠಾಣೆಯ ಅಂಗಳದಲ್ಲಿ ಕಾರನ್ನು ನಿಲ್ಲಿಸಿದ್ದು ಎಲ್ಲಿ ಗೊತ್ತಾ? ಜಪ್ತಿ ಮಾಡಿದ ಬೈಕುಗಳ ಸಾಲಿನ ನಡುವೆ, ಎಲ್ಲವುಗಳಲ್ಲೂ ಪೆಟ್ರೋಲ್. ಫೋಟೋ ನೋಡಿ ನನಗೆ ನಿದ್ದೆ ಬರಲಿಲ್ಲ.

ಪೆಟ್ಟು ತಿಂದ ಬ್ಯಾಟರಿ ಆಗಲೇ ಉರಿಯಬೇಕು ಅಂತಿಲ್ಲ. ಒಳಗೆ ಒಂದು ಸೆಲ್ ಜಜ್ಜಿದ್ದರೆ, ತಂಪಿನ ದ್ರವ ಸೋರಿ ಸಂಪರ್ಕಗಳ ಮೇಲೆ ಬಿದ್ದಿದ್ದರೆ, ಗಂಟೆಗಳ ಮೇಲೆ, ದಿನಗಳ ಮೇಲೆ ಶಾರ್ಟ್ ಆಗಬಹುದು. 2011ರಲ್ಲಿ ಅಮೆರಿಕದಲ್ಲಿ ಸರಕಾರಿ ಪರೀಕ್ಷೆಯಲ್ಲಿ ಶೆವರ್ಲೆ ವೋಲ್ಟ್ ಕಾರನ್ನು ಕಂಬಕ್ಕೆ ಗುದ್ದಿಸಿ, ಹೊರಗೆ ಅಂಗಳದಲ್ಲಿ ನಿಲ್ಲಿಸಿದ್ದರು. ಸುಮಾರು ಮೂರು ವಾರದ ಮೇಲೆ ಅದು ತಾನಾಗಿ ಹೊತ್ತಿಕೊಂಡು ಪಕ್ಕದ ಗಾಡಿಗಳನ್ನೂ ಸುಟ್ಟಿತು. ಅಂದಿನಿಂದ ಪೆಟ್ಟಾದ ಬ್ಯಾಟರಿ ಕಾರನ್ನು ಕಟ್ಟಡದಿಂದ, ಬೇರೆ ಗಾಡಿಗಳಿಂದ 50 ಅಡಿ, ಅಂದರೆ ಸುಮಾರು 15 ಮೀಟರ್ ದೂರ, ಬಯಲಿನಲ್ಲಿ ಇಡಬೇಕು ಅಂತ ಹೇಳುತ್ತ ಬಂದಿದ್ದಾರೆ. ನಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಅನ್ನುವ ಇನ್ನೊಂದು ಬಗೆಯ ಬ್ಯಾಟರಿಗಿಂತ ಜಾಸ್ತಿ ಬಿಸಿ ತಡೆಯುತ್ತದೆ, ಆದರೆ ಹೊತ್ತಿಕೊಳ್ಳುವುದೇ ಇಲ್ಲ ಅಂತ ಯಾರೂ ಹೇಳಲಾರರು.

ಮಂಚದ ಮೇಲಿಂದಲೇ ಠಾಣೆಗೆ ಫೋನ್ ಮಾಡಿದೆ. ಸಾಹೇಬರು ತಾಳ್ಮೆಯಿಂದ ಕೇಳಿದರು. "ಮೇಡಂ, ಇದು ನಮಗ ಯಾರೂ ಹೇಳಿಲ್ಲ ನೋಡ್ರಿ" ಅಂದರು. ಕಾರನ್ನು ಹಿಂದಿನ ಖಾಲಿ ಜಾಗಕ್ಕೆ ಸಾಗಿಸಿ ಸುತ್ತ ಹಗ್ಗ ಕಟ್ಟಿಸಿದರು. ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒದ ವಾಹನ ತಪಾಸಣೆ ಅಧಿಕಾರಿ) ತಪಾಸಣೆಗೆ ಬರುವಾಗಲೂ ಹೇಳಿದೆ, ಕಾರು ಆನ್ ಮಾಡಿ ನೋಡಬೇಡಿ, ಶೋರೂಮಿನ ಹೈ ವೋಲ್ಟೇಜ್ ತರಬೇತಿ ಆದ ಮೆಕ್ಯಾನಿಕ್ ಜೊತೆಗಿರಲಿ ಅಂತ. ಹಾಗೇ ಮಾಡಿದರು.

ಆ ಮೆಕ್ಯಾನಿಕ್ ಬ್ಯಾಟರಿಯ ಕರೆಂಟ್ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಇನ್ಸುಲೇಶನ್ ಪರೀಕ್ಷಿಸಿ, ತಳ ನೋಡಿದ. ಪೆಟ್ಟಿಗೆಯ ಬಲ ಮೂಲೆ ತಗ್ಗಾಗಿತ್ತು. ಬ್ಯಾಟರಿ ಬದಲಿಸಲೇಬೇಕು ಅಂದ. ಬ್ಯಾಟರಿ ಬೆಲೆ ಸೇರಿಸಿದರೆ ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆಯ, 75% ದಾಟಿತು. ಅಲ್ಲಿಗೆ ಇನ್ಶೂರೆನ್ಸ್ ಲೆಕ್ಕದಲ್ಲಿ ಟೋಟಲ್ ಲಾಸ್. ಎಫ್‌ಐಆರ್, ಪಂಚನಾಮೆ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆ), ಬ್ರೇಕ್ ಇನ್‌ಸ್ಪೆಕ್ಟರ್ ವರದಿ, ಇವಿಷ್ಟರ ಪ್ರತಿ ಕೈಯಲ್ಲಿರಲಿ. ಸರ್ವೇಯರ್ ಬರುವ ಮುಂಚೆ ಕಾರಿನ ತಳದ ಫೋಟೋ ತೆಗೆಸಿಡಿ. ಮೇಲಿನ ಬಾಡಿ ಚೆನ್ನಾಗಿ ಕಂಡರೂ ಲೆಕ್ಕ ತೀರ್ಮಾನ ಆಗುವುದು ತಳದಲ್ಲಿ.

ಕಾಲು ಕೂಡಿದ ಮೇಲೆ ಮತ್ತೆ ಬ್ಯಾಟರಿ ಕಾರನ್ನೇ ಬುಕ್ ಮಾಡಿದ್ದೇನೆ. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನ ಗುದ್ದು ಪರೀಕ್ಷೆಯ ಫಲಿತಾಂಶ ನೋಡಿದೆ. ಕರೆಂಟ್ ಹೋದರೂ ಒಳಗಿಂದ, ಹೊರಗಿಂದ ಕೈಯಲ್ಲಿ ತೆರೆಯುವ ಬಾಗಿಲು ಇರುವುದನ್ನೇ ಆರಿಸಿದೆ. ಹಿಡಿಕೆ ಒಳಗೆ ಸೇರಿಕೊಂಡು ಸ್ವಿಚ್ಚಿನಿಂದ ತೆರೆಯುವ ಬಾಗಿಲು ನೋಡಲು ಚೆಂದ, ಆದರೆ ಆ ಲಾರಿ ಹುಡುಗ ಕತ್ತಲಲ್ಲಿ ಏನು ಹಿಡಿದು ಎಳೆಯಬೇಕಿತ್ತು?

ಹಿಂದಿನ ಗಾಜಿಗೆ ಅಂಟಿಸಲು ಒಂದು ಚೀಟಿ ಮಾಡಿಸಿದ್ದೇನೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ: "ಇದು ಬ್ಯಾಟರಿ ಕಾರು. ಅಪಘಾತವಾದರೆ ಬಾಗಿಲು ಮುಟ್ಟಿ ತೆರೆಯಬಹುದು, ಒಳಗಿದ್ದವರನ್ನು ಬೇಗ ಇಳಿಸಿರಿ. ಕಿತ್ತಳೆ ಕೇಬಲ್ ಮುಟ್ಟಬೇಡಿರಿ. ತಳದಿಂದ ಹೊಗೆ, ಬುಸ್ ಸದ್ದು ಬಂದರೆ ಎಲ್ಲರೂ ದೂರ ಸರಿದು 112ಕ್ಕೆ ಹೇಳಿರಿ. ಚಕ್ರ ಉರುಳಿಸಿ ಎಳೆಯಬೇಡಿರಿ. ಬೇರೆ ಗಾಡಿಗಳಿಂದ 50 ಅಡಿ ದೂರ ನಿಲ್ಲಿಸಿರಿ." ಅವತ್ತಿನ ಕ್ರೇನ್‌ನವರಿಗೂ ಒಂದು ಕೊಟ್ಟೆ, ತಮ್ಮ ಜೊತೆಯವರಿಗೆ ಅಂತ ಇನ್ನೂ ಕೆಲವು ಕೇಳಿ ಒಯ್ದರು. ಬೇಕಾದವರು ಇದನ್ನೇ ಬರೆದುಕೊಂಡು ತಮ್ಮ ಕಾರಿಗೆ ಅಂಟಿಸಿಕೊಳ್ಳಿ.