66ರಲ್ಲಿ ತೂಗುಯೋಗ: ನನ್ನ ಅನುಭವ

ನೆಲಕ್ಕೆ ಕುಳಿತರೆ ಏಳುವುದು ಹೇಗೆ ಎಂಬ ಚಿಂತೆ ನನಗೆ ಅರವತ್ತು ದಾಟಿದ ಮೇಲೆ ಶುರುವಾಯಿತು. ಪೂಜೆಗೆ ಕುಳಿತರೆ ಪಕ್ಕದಲ್ಲಿ ಗೋಡೆಯೋ ಕಂಬವೋ ಇರಬೇಕು, ಇಲ್ಲವೇ ಯಾರಾದರೂ ಕೈ ಕೊಡಬೇಕು. ತರಗತಿಯಲ್ಲಿ 31 ವರ್ಷ ನಿಂತು ಪಾಠ ಮಾಡಿದ ಮಂಡಿಗಳು. ಸವೆತ ಆರಂಭವಾಗಿದೆ, ತೊಡೆಯ ಸ್ನಾಯು ಗಟ್ಟಿಮಾಡಿಕೊಳ್ಳಿ ಎಂದರು ವೈದ್ಯರು. ಮೈಸೂರಿನಲ್ಲಿ ಯೋಗಶಾಲೆಗಳಿಗೆ ಬರವಿಲ್ಲ. ಒಂದು ಕಡೆ ಚಾವಣಿಯಿಂದ ಇಳಿಬಿಟ್ಟ ಬಟ್ಟೆಯಲ್ಲಿ ಆಸನ ಮಾಡುವ ತೂಗುಯೋಗವನ್ನು ಕಂಡಾಗ, ಸೀರೆ ಕಟ್ಟಿ ಮಗು ಮಲಗಿಸುವ ಜೋಲಿ ನೆನಪಾಯಿತು. ಆ ಧೈರ್ಯದಲ್ಲೇ ಸೇರಿಬಿಟ್ಟೆ.

ಅಲ್ಲಿ ಎಲ್ಲರೂ ಮೂವತ್ತರ ಆಸುಪಾಸಿನವರು. ಎರಡನೆಯ ದಿನವೇ ನನ್ನನ್ನು ತಲೆಕೆಳಗಾಗಿ ತೂಗಿಸಿದರು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಳಿದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಕವಿಯಿತು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಬಿಡಲೂ ಮನಸ್ಸಿರಲಿಲ್ಲ. ವೈದ್ಯರ ಬಳಿ ಹೋಗಿ ರಕ್ತದೊತ್ತಡ, ಮೂಳೆಯ ಸಾಂದ್ರತೆ, ಕಣ್ಣಿನ ಒತ್ತಡ ಮೂರನ್ನೂ ನೋಡಿಸಿಕೊಂಡೆ. ಕಣ್ಣಿನ ವಿಷಯವನ್ನು ಒತ್ತಿ ಹೇಳಬೇಕು. ತಲೆಕೆಳಗಾದಾಗ ಕಣ್ಣೊಳಗಿನ ಒತ್ತಡ ಏರುತ್ತದೆ, ಶೀರ್ಷಾಸನದಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ನರದ ಕಾಯಿಲೆ ಇರುವವರಿಗೆ, ಈಚೆಗೆ ಪೊರೆಯ ಶಸ್ತ್ರಚಿಕಿತ್ಸೆ ಆದವರಿಗೆ ಇದು ಆಟವಲ್ಲ. 50 ನಿಮಿಷಕ್ಕೆ ಸರಾಸರಿ 320 ಕ್ಯಾಲೊರಿ ಕರಗುತ್ತದೆ ಎಂಬ ಲೆಕ್ಕವನ್ನು ತೂಗುಯೋಗದ ಮಾತು ಬಂದಾಗಲೆಲ್ಲ ಹೇಳುತ್ತಾರೆ. ಅದು ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ. ಅದರಲ್ಲಿದ್ದವರು 18ರಿಂದ 45 ವರ್ಷದ 16 ಮಹಿಳೆಯರು. ನಮ್ಮ ವಯಸ್ಸಿನವರು ಅದನ್ನು ನೆಚ್ಚಿಕೊಂಡು ಹೊರಡಬಾರದು.

ಎರಡನೆಯ ಗುರುಗಳು ಐವತ್ತು ದಾಟಿದವರು. ನನ್ನ ಕಾಗದಗಳನ್ನೆಲ್ಲ ಓದಿ, "ಅಮ್ಮಾ, ಮೊದಲ ತಿಂಗಳು ನಿಮ್ಮ ಪಾದ ನೆಲ ಬಿಡುವುದಿಲ್ಲ" ಎಂದರು. ಬಟ್ಟೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಹಿಂದೆ ಒಂದು ಕುರ್ಚಿ ಇಟ್ಟರು. ಬಟ್ಟೆಯನ್ನು ಬೆನ್ನ ಹಿಂದಿನಿಂದ ಕಂಕುಳಿಗೆ ತಂದು, ಎರಡೂ ಬದಿ ಹಿಡಿದು, ಕುರ್ಚಿಯ ಮೇಲೆ ಕೂರುವಂತೆ ನಿಧಾನವಾಗಿ ಇಳಿಯುವುದು. ಕೂರದೆ ಮತ್ತೆ ಏಳುವುದು. ಹೇಳಲು ಇಷ್ಟೇ. ಮೈಭಾರದ ಒಂದು ಪಾಲನ್ನು ಬಟ್ಟೆ ಹೊರುವುದರಿಂದ ಮಂಡಿ ನೋಯುವುದಿಲ್ಲ, ತೊಡೆ ಮಾತ್ರ ದುಡಿಯುತ್ತದೆ. ವಾರ ಕಳೆದಂತೆ ಕೈಯ ಹಿಡಿತ ಸಡಿಲಿಸುತ್ತ ಹೋಗಬೇಕು. ಬಟ್ಟೆಗೆ ಕೊಟ್ಟ ಭಾರವನ್ನು ಕಾಲು ಒಂದೊಂದು ಪಾಲಾಗಿ ಮರಳಿ ಪಡೆಯುತ್ತದೆ. ಆರನೆಯ ವಾರದಲ್ಲಿ ಎರಡು ಬೆರಳಿನ ಆಸರೆಯಲ್ಲಿ ಹತ್ತು ಸಲ ಇಳಿದು ಎದ್ದೆ. ಆ ದಿನದ ಸಂತೋಷವನ್ನು ಯಾವ ಪದಕಕ್ಕೂ ಕೊಡಲಾರೆ.

ಒಂಟಿ ಕಾಲಿನ ಸಮತೋಲ ಆಮೇಲೆ ಬಂತು. ಒಂದು ತೊಡೆಯನ್ನು ಬಟ್ಟೆಯ ಮೇಲಿಟ್ಟು ಇನ್ನೊಂದು ಕಾಲಿನ ಮೇಲೆ ನಿಲ್ಲುವುದು. ಬಟ್ಟೆ ಗೋಡೆಯ ಹಾಗೆ ಸ್ಥಿರವಲ್ಲ, ಸ್ವಲ್ಪ ಓಲಾಡುತ್ತದೆ. ಆ ಓಲಾಟಕ್ಕೆ ಪಾದ, ಹಿಮ್ಮಡಿ, ಸೊಂಟ ಎಲ್ಲವೂ ಎಚ್ಚೆತ್ತುಕೊಳ್ಳುತ್ತವೆ. ಮುಂದೆ ಬಾಗುವಾಗ ಸೊಂಟದ ಮಡಿಕೆಯಲ್ಲಿ ಬಟ್ಟೆ ಕೊರೆಯುತ್ತಿತ್ತು. ಸೆರಗು ಹರಡಿದಂತೆ ಅಗಲವಾಗಿ ಬಿಡಿಸಿಕೊಂಡರೆ ಒತ್ತುವುದಿಲ್ಲ ಎಂದು ಮೂರನೆಯ ತರಗತಿಯಲ್ಲಿ ತಿಳಿಯಿತು. ತಲೆಕೆಳಗಾಗುವುದನ್ನು ನಾನು ಈಗಲೂ ಮಾಡುವುದಿಲ್ಲ. ಕೈಗಳನ್ನು ಕುರ್ಚಿಯ ಮೇಲಿಟ್ಟು ಬೆನ್ನು ನೆಲಕ್ಕೆ ಸಮನಾಗುವಷ್ಟು ಬಾಗಿದರೆ ನನ್ನ ಸೊಂಟಕ್ಕೆ ಬೇಕಾದ ಎಳೆತ ಸಿಗುತ್ತದೆ.

ಆಸರೆ ಹಿಡಿದು ಆಸನ ಮಾಡುವುದು ಕಡಿಮೆ ಯೋಗವೇನೂ ಅಲ್ಲ. ಹಗ್ಗ, ಕುರ್ಚಿ, ಕಂಬಳಿಗಳನ್ನು ಆಸನಕ್ಕೆ ತಂದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಅವರು ಯೋಗ ಕಲಿತದ್ದು ನಮ್ಮ ಮೈಸೂರಿನಲ್ಲೇ. ತೊಂಬತ್ತು ದಾಟಿದ ಮೇಲೂ ಅಭ್ಯಾಸ ನಿಲ್ಲಿಸಲಿಲ್ಲ.

ತಿಂಡಿ ತಿಂದು ಮೂರು ಗಂಟೆಯಾದರೂ ಕಳೆದಿರಬೇಕು. ಬಳೆ, ಉಂಗುರ, ಕಾಲುಂಗುರ ಕಳಚಿಡಬೇಕು, ಬಟ್ಟೆಗೆ ಸಿಕ್ಕಿದರೆ ಹರಿಯುತ್ತದೆ. ಉದ್ದ ತೋಳಿನ ಅಂಗಿ ಹಾಕಿದರೆ ಕಂಕುಳು ತರಚುವುದಿಲ್ಲ. ಶವಾಸನ ಬಟ್ಟೆಯೊಳಗೇ ಆಗುತ್ತದೆ. ಅದು ಮುಗಿದ ಮೇಲೆ ಐದು ನಿಮಿಷ ಕುಳಿತು, ನೀರು ಕುಡಿದು, ಆಮೇಲೆ ಪಾದ ಊರುತ್ತೇನೆ.

ಮನೆಯಲ್ಲೇ ಕಟ್ಟಿಕೊಳ್ಳಿ ಅಜ್ಜಿ, ಫ್ಯಾನಿನ ಕೊಕ್ಕೆ ಇದೆಯಲ್ಲ ಎಂದಳು ಮೊಮ್ಮಗಳು. ಆ ಕೊಕ್ಕೆಯನ್ನು ಹಾಕಿರುವುದು ಫ್ಯಾನಿಗಾಗಿ. ಮನುಷ್ಯ ತೂಗಾಡಿದಾಗ ಬೀಳುವ ಎಳೆತ ಅವನ ಮೈತೂಕಕ್ಕಿಂತ ಹೆಚ್ಚು. ಕಾಂಕ್ರೀಟಿನ ತೊಲೆಗೆ ಬೇರೆಯೇ ಕೊಕ್ಕೆ ಕೂರಿಸಬೇಕು, ಅದಕ್ಕೆ ಮೊದಲು ಎಂಜಿನಿಯರ್ ಬಂದು ತೊಲೆ ನೋಡಬೇಕು. ಅವರು ಬರುವವರೆಗೆ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ತರಗತಿಗೇ ಹೋಗುತ್ತೇನೆ.