ದುಬಾರಿ ಹೊಸ ಪಿಕಪ್ ಕೊಳ್ಳಬೇಕೇ? ನಿರ್ಧರಿಸುವ ಬಗೆ

ಹೊಸ ಪಿಕಪ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡರೂ ನಷ್ಟವಿಲ್ಲ. ವರ್ಷದಲ್ಲಿ ಎಷ್ಟು ದಿನ ಗಾಡಿಯ ಹಿಂಬದಿ ತುಂಬಿರುತ್ತದೆ, ಆ ದಿನಗಳಲ್ಲಿ ಹೊರಬೇಕಾದ ತೂಕವೆಷ್ಟು, ಅದೇ ಕೆಲಸವನ್ನು ಕಡಿಮೆ ಖರ್ಚಿನ ಬೇರೊಂದು ವ್ಯವಸ್ಥೆಯಿಂದ ಮಾಡಿಸಿಕೊಳ್ಳಲು ಸಾಧ್ಯವೇ ಎಂಬ ಮೂರು ಸಂಗತಿಗಳು ಮೊದಲು ಇತ್ಯರ್ಥವಾಗಬೇಕು. ದುಬಾರಿ ಪಿಕಪ್ಪಿಗೆ ನಾವು ತೆರುವ ಹೆಚ್ಚುವರಿ ಹಣದಲ್ಲಿ ದೊಡ್ಡ ಪಾಲು ಕ್ಯಾಬಿನ್ನಿನ ಸೌಕರ್ಯಕ್ಕೆ ಹೋಗುತ್ತದೆಯೇ ಹೊರತು ಭಾರ ಹೊರುವ ಶಕ್ತಿಗೆ ಹೋಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ನಿಮ್ಮ ಲೆಕ್ಕವನ್ನು ನೀವೇ ಹಾಕಿಕೊಳ್ಳುವ ಕ್ರಮವನ್ನೂ ಇಲ್ಲಿ ವಿವರಿಸಿದ್ದೇನೆ.

ಮೊದಲು ಕೆಲಸದ ಪಟ್ಟಿ

ಒಂದು ನೋಟುಪುಸ್ತಕ ತೆಗೆದುಕೊಂಡು ಕಳೆದ 12 ತಿಂಗಳಲ್ಲಿ ನಿಜವಾಗಿ ಸಾಗಿಸಿದ ಸಾಮಾನುಗಳನ್ನೆಲ್ಲ ನೆನಪಿಸಿಕೊಂಡು ಬರೆಯಿರಿ. ಏನನ್ನು ಸಾಗಿಸಿದಿರಿ, ಅದರ ಅಂದಾಜು ತೂಕ ಎಷ್ಟು, ಎಷ್ಟು ದೂರ, ಪಿಕಪ್ ಇಲ್ಲದಿದ್ದಾಗ ಆ ಕೆಲಸ ಹೇಗೆ ನಡೆಯಿತು ಎಂಬುದು ಪ್ರತಿ ಸಾಲಿನಲ್ಲೂ ಇರಲಿ. ಮುಂದೆ ಮಾಡಬೇಕೆಂದುಕೊಂಡಿರುವ ಕೆಲಸಗಳನ್ನು ಇದೇ ಪಟ್ಟಿಯಲ್ಲಿ ಸೇರಿಸಬೇಡಿ, ಬೇರೆ ಪುಟದಲ್ಲಿ ಬರೆಯಿರಿ. ಗಾಡಿ ಕೊಳ್ಳುವ ಆಸೆ ಹುಟ್ಟಿದಾಗ ಮನಸ್ಸು ಇಲ್ಲದ ಕೆಲಸಗಳನ್ನೂ ಹುಟ್ಟಿಸಿಕೊಳ್ಳುತ್ತದೆ, ಆದ್ದರಿಂದ ಎರಡನೆಯ ಪುಟಕ್ಕೆ ಮೊದಲನೆಯದರ ಅರ್ಧದಷ್ಟು ಬೆಲೆಯನ್ನೂ ಕೊಡಬಾರದು.

ಬಹಳ ಮಂದಿಯ ಪಟ್ಟಿಯಲ್ಲಿ ಕಾಣುವುದು ಒಮ್ಮೆ ಮನೆ ಬದಲಾಯಿಸಿದ್ದು, ಒಂದೆರಡು ಬಾರಿ ಪೀಠೋಪಕರಣ ತಂದದ್ದು, ಕೆಲವು ಚೀಲ ಮಣ್ಣು ಅಥವಾ ಸಿಮೆಂಟು ಸಾಗಿಸಿದ್ದು ಇಷ್ಟೇ. ಇಂಥ ಪಟ್ಟಿಯವರಿಗೆ ಹೊಸ ಪಿಕಪ್ ಬೇಡ. ಬೇಕಾದ ದಿನ ಬಾಡಿಗೆಗೆ ತಂದರೆ ಸಾಕು. ಪ್ರತಿವಾರ ಎರಡು ಮೂರು ದಿನ ಗಾಡಿ ತುಂಬಿ ಓಡುವವರು, ಭಾರವಾದ ಟ್ರೇಲರನ್ನು ನಿಯಮಿತವಾಗಿ ಎಳೆಯುವವರು, ಕೆಟ್ಟ ರಸ್ತೆಯ ಕೊನೆಯಲ್ಲಿರುವ ಕೆಲಸದ ಜಾಗಕ್ಕೆ ದಿನವೂ ಉಪಕರಣ ಒಯ್ಯುವವರು ಮಾತ್ರ ಮುಂದಿನ ಲೆಕ್ಕಕ್ಕೆ ಹೋಗುವುದು ಸೂಕ್ತ.

ಹೊರುವ ತೂಕದ ಲೆಕ್ಕ

ಜಾಹೀರಾತಿನಲ್ಲಿ ಎದ್ದು ಕಾಣುವುದು ಎಳೆಯುವ ಸಾಮರ್ಥ್ಯ. ಆದರೆ ದಿನನಿತ್ಯದ ಕೆಲಸದಲ್ಲಿ ಮೊದಲು ಮುಗಿದುಹೋಗುವುದು ಹೊರುವ ಸಾಮರ್ಥ್ಯ. ಗಾಡಿಗೆ ಅನುಮತಿಸಲಾದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ಅದು. ಚಾಲಕ, ಪ್ರಯಾಣಿಕರು, ಆಮೇಲೆ ಹಾಕಿಸಿದ ಮುಚ್ಚಳ, ಬಂಪರು, ಟೂಲ್ ಬಾಕ್ಸ್ ಇವೆಲ್ಲವೂ ಆ ಉಳಿಕೆಯೊಳಗೇ ಬರಬೇಕು.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಅನುಮತಿಸಿದ ಒಟ್ಟು ತೂಕ 3,000 ಕೆ.ಜಿ., ಖಾಲಿ ಗಾಡಿಯ ತೂಕ 2,150 ಕೆ.ಜಿ. ಇರುವ ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್ಪಿನಲ್ಲಿ ಉಳಿಯುವುದು 850 ಕೆ.ಜಿ. ತಲಾ 75 ಕೆ.ಜಿ.ಯ ಐವರು ಕುಳಿತರೆ 375 ಹೋಯಿತು. ಹಿಂಬದಿಯ ಮುಚ್ಚಳ ಮತ್ತು ಉಕ್ಕಿನ ಬಂಪರಿಗೆ 145 ಹಿಡಿದರೆ ಉಳಿದದ್ದು 330. ಈಗ 2,500 ಕೆ.ಜಿ.ಯ ಟ್ರೇಲರನ್ನು ಕೊಕ್ಕೆಗೆ ಸಿಕ್ಕಿಸಿ ನೋಡಿ. ಎರಡು ಗಾಲಿಗಳ ಮಾಮೂಲು ಟ್ರೇಲರು ತೂಗಾಡದೆ ನೆಟ್ಟಗೆ ಹಿಂಬಾಲಿಸಬೇಕಾದರೆ ಅದರ ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು ಎಂಬುದು ರೂಢಿಯ ನಿಯಮ. ಕಡಿಮೆಯ ಕಡೆಯಿಂದ ಹಿಡಿದರೂ ಅದು 250 ಕೆ.ಜಿ. ಆಗುತ್ತದೆ. ಹಿಂಬದಿಯಲ್ಲಿ ಹೇರಲು ಈಗ ಮಿಕ್ಕಿರುವುದು 80 ಕೆ.ಜಿ. ಮಾತ್ರ. ಟ್ರೇಲರನ್ನು ಎಳೆಯುವ ಬಲ ಇಂಜಿನ್ನಿಗೆ ಇದ್ದೇ ಇರುತ್ತದೆ, ಆದರೆ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು), ಟೈರು ಮತ್ತು ಬ್ರೇಕುಗಳ ಮಿತಿ ಅಷ್ಟರೊಳಗೆ ಮುಟ್ಟಿರುತ್ತದೆ.

ಹಿಂಬದಿಯ ಅಳತೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ, ಅರ್ಧ ಮೀಟರ್ ಎತ್ತರದ ಲೋಡ್ ಬಾಡಿಯಲ್ಲಿ ಒಂದು ಘನಮೀಟರಿಗಿಂತ ತುಸು ಹೆಚ್ಚು ಮರಳು ಹಿಡಿಯುತ್ತದೆ. ಒಣಮರಳು ಘನಮೀಟರಿಗೆ ಸುಮಾರು 1,600 ಕೆ.ಜಿ. ತೂಗುವುದರಿಂದ, ಅಂಚಿನವರೆಗೆ ತುಂಬಿದರೆ ಮೇಲಿನ ಉದಾಹರಣೆಯ 850 ಕೆ.ಜಿ. ಮಿತಿಯ ಎರಡುಪಟ್ಟು ಹೇರಿದಂತೆ. ಮರಳು ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಅಳತೆಗಿಂತ ತೂಕವನ್ನು ನಂಬಬೇಕು ಎನ್ನುವುದು ಇದಕ್ಕಾಗಿಯೇ, ಮತ್ತು ವಾಹನ ತೂಗುವ ವೇಬ್ರಿಡ್ಜಿಗೆ ಒಮ್ಮೆ ಹೋಗಿ ಬರುವ ಅಲ್ಪ ಖರ್ಚು ಈ ವಿಷಯದಲ್ಲಿ ಅತ್ಯಂತ ಲಾಭದ ಖರ್ಚು.

ಬೆಲೆ ಏರಿದಂತೆ ಕಡಿಮೆಯಾಗುವುದು

1925ರಲ್ಲಿ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ವಾಹನಕ್ಕೆ ಕಾರ್ಖಾನೆಯಲ್ಲೇ ಲೋಡ್ ಬಾಡಿ ಕೂಡಿಸಿ ಮಾರಲು ಆರಂಭಿಸಿದಾಗ ಪಿಕಪ್ ಅಪ್ಪಟ ದುಡಿಮೆಯ ಗಾಡಿಯಾಗಿತ್ತು. 1968ರಲ್ಲಿ ಬಂದ ಟೊಯೋಟಾ ಹೈಲಕ್ಸ್ ಕೂಡ ಹಾಗೆಯೇ ಆರಂಭವಾಯಿತು. ಇಂದಿನ ಮೇಲ್ದರ್ಜೆಯ ಮಾದರಿಗಳಲ್ಲಿ ಚರ್ಮದ ಸೀಟು, ದೊಡ್ಡ ಪರದೆ, ಗಾಜಿನ ಮೇಲ್ಛಾವಣಿ, 20 ಇಂಚಿನ ಚಕ್ರಗಳು ಸೇರಿಕೊಂಡಿವೆ. ಇವಕ್ಕೆಲ್ಲ ತೂಕವಿದೆ. ಗಾಡಿಯ ಅಡಿಚೌಕಟ್ಟಾದ ಚಾಸಿಸ್ ಒಂದೇ, ಅನುಮತಿಸಿದ ಒಟ್ಟು ತೂಕವೂ ಒಂದೇ ಆಗಿರುವಾಗ, ಸೇರಿದ ಪ್ರತಿ ಕಿಲೋ ಅಲಂಕಾರವೂ ಹೊರುವ ಸಾಮರ್ಥ್ಯದಿಂದ ಒಂದು ಕಿಲೋವನ್ನು ಕಿತ್ತುಕೊಳ್ಳುತ್ತದೆ. ಹೀಗಾಗಿ ಒಂದೇ ಪಿಕಪ್ಪಿನ ಅಗ್ಗದ ಸಿಂಗಲ್ ಕ್ಯಾಬ್ (ಒಂದೇ ಸಾಲು ಸೀಟಿನ) ಮಾದರಿ ಅದರದೇ ದುಬಾರಿ ಡಬಲ್ ಕ್ಯಾಬ್ ಮಾದರಿಗಿಂತ ಹೆಚ್ಚು ಭಾರ ಹೊರುವುದು ಸಾಮಾನ್ಯ ಸಂಗತಿ.

ಉದ್ದದಲ್ಲಿಯೂ ಇದೇ ಕಥೆ. ಮಧ್ಯಮ ಗಾತ್ರದ ಸಿಂಗಲ್ ಕ್ಯಾಬಿನ ಹಿಂಬದಿ ಎರಡು ಮೀಟರಿಗಿಂತ ಉದ್ದವಿದ್ದರೆ ಡಬಲ್ ಕ್ಯಾಬಿನದು ಒಂದೂವರೆ ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಯನ್ನು ಅಂಥದರಲ್ಲಿ ಹಿಂಬಾಗಿಲು ತೆರೆದೇ ಸಾಗಿಸಬೇಕಾಗುತ್ತದೆ, ಅದೂ ಚಕ್ರದ ಉಬ್ಬುಗಳ ನಡುವೆ ಚಪ್ಪಟೆಯಾಗಿ ಕೂರದೆ ಅವುಗಳ ಮೇಲೆ ಎತ್ತಿಕೊಂಡಿರುತ್ತದೆ. ಷೋರೂಮಿಗೆ ಹೋಗುವಾಗ ಟೇಪು ಒಯ್ದು ಉಬ್ಬುಗಳ ನಡುವಿನ ಅಗಲವನ್ನು ನೀವೇ ಅಳೆಯಿರಿ. ಕರಪತ್ರದಲ್ಲಿ ಸಾಮಾನ್ಯವಾಗಿ ದೊಡ್ಡದಾಗಿ ಅಚ್ಚಾಗಿರುವುದು ಮೇಲ್ಭಾಗದ ಅಗಲ.

ಭಾರ ಕಡಿಮೆಯಿದ್ದು ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ ಓಡುವವರು ಏಣಿಯಾಕಾರದ ಚಾಸಿಸ್ ಇಲ್ಲದೆ ಕಾರಿನಂತೆ ಒಂದೇ ಒಡಲಾಗಿ ಕಟ್ಟಿದ ಪಿಕಪ್ಪುಗಳನ್ನೂ ನೋಡಬಹುದು. 2021ರಲ್ಲಿ ಬಂದ ಫೋರ್ಡ್ ಮ್ಯಾವೆರಿಕ್ ಈ ಬಗೆಯದಾಗಿದ್ದು, ಗರಿಷ್ಠ 680 ಕೆ.ಜಿ.ಯಷ್ಟು ಹೊರುತ್ತದೆ. ಇದರಲ್ಲೂ ಚಾಲಕ, ಪ್ರಯಾಣಿಕರ ತೂಕ ಸೇರಿರುತ್ತದೆ, ಆದರೂ ಮೇಲಿನ ಉದಾಹರಣೆಯ ದೊಡ್ಡ ಗಾಡಿಯ 850 ಕೆ.ಜಿ.ಗೆ ಹೋಲಿಸಿದರೆ ಇದು ಸಣ್ಣ ಸಂಖ್ಯೆಯಲ್ಲ.

ಖಾಲಿ ಓಡುವ ದಿನಗಳು

ಪಿಕಪ್ಪಿನ ಹಿಂದಿನ ಲೀಫ್ ಸ್ಪ್ರಿಂಗುಗಳು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಭಾರ ಬಿದ್ದಾಗ ಸರಿಯಾಗಿ ಕೂರುವಂತೆ ಗಡುಸಾಗಿರುತ್ತವೆ. ಖಾಲಿಯಿದ್ದಾಗ ಹಿಂಭಾಗ ಕುಲುಕುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಂದಿನ ಚಕ್ರಗಳು ಜಾರುವ ಸಂಭವವೂ ಹೆಚ್ಚು. ಫೋರ್ ವೀಲ್ ಡ್ರೈವ್ ಇದ್ದರೆ ಜಾರುವುದಿಲ್ಲವಲ್ಲ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಹಲವು ಪಿಕಪ್ಪುಗಳಲ್ಲಿರುವ, ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ವ್ಯವಸ್ಥೆಯು ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳನ್ನು ಒಂದೇ ವೇಗಕ್ಕೆ ಬಿಗಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ, ಗಟ್ಟಿಯಾದ ಒಣರಸ್ತೆಯಲ್ಲಿ ಅದನ್ನು ಹಾಕಿಕೊಂಡು ಓಡಿಸಿದರೆ ಗೇರುಗಳೂ ಶಾಫ್ಟುಗಳೂ ತಿರುಚಿಕೊಂಡು ಸವೆಯುತ್ತವೆ. ಅಂದರೆ ನಿತ್ಯದ ರಸ್ತೆಯಲ್ಲಿ ಆ ಸೌಲಭ್ಯ ಬರೀ ಹೊರೆಯಾಗಿರುತ್ತದೆ.

ಡೀಸೆಲ್ ಇಂಜಿನ್ನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈಗಿನ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿದ್ದು, ಅದು ಆಗಾಗ 600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾದು ಆ ಮಸಿಯನ್ನು ಸುಟ್ಟುಕೊಳ್ಳಬೇಕು. ದಿನವೂ ನಾಲ್ಕೈದು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಈ ಕೆಲಸ ಅರ್ಧಕ್ಕೆ ನಿಂತು ಶೋಧಕ ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚು ಭಾರಿಯಾಗಿರುತ್ತದೆ. ಸಣ್ಣ ಓಡಾಟವೇ ಹೆಚ್ಚಾಗಿದ್ದರೆ ಪೆಟ್ರೋಲ್ ಇಂಜಿನ್ನೇ ವಾಸಿ. ವಿದ್ಯುತ್ ಪಿಕಪ್ ಸಣ್ಣ ಓಡಾಟಕ್ಕೆ ಒಗ್ಗುತ್ತದೆ, ಆದರೆ ಎತ್ತರದ ಭಾರಿ ಟ್ರೇಲರನ್ನು ಎಳೆಯುವಾಗ ಅದು ಒಂದು ಚಾರ್ಜಿಗೆ ಓಡುವ ದೂರ ಅರ್ಧದಷ್ಟಕ್ಕೆ ಇಳಿಯಬಹುದು.

ಇಂಧನದ ವ್ಯತ್ಯಾಸವನ್ನು ಲೀಟರಿನಲ್ಲೇ ಲೆಕ್ಕ ಹಾಕಿ. 100 ಕಿ.ಮೀ.ಗೆ 12 ಲೀಟರ್ ಕುಡಿಯುವ ಪಿಕಪ್ಪಿಗೂ 7 ಲೀಟರ್ ಕುಡಿಯುವ ಕಾರಿಗೂ ವರ್ಷಕ್ಕೆ 20,000 ಕಿ.ಮೀ. ಓಟದಲ್ಲಿ 1,000 ಲೀಟರಿನ ಅಂತರ ಬೀಳುತ್ತದೆ. ಅದನ್ನು ನಿಮ್ಮಲ್ಲಿನ ದರದಿಂದ ಗುಣಿಸಿ ಪಟ್ಟಿಯ ಪಕ್ಕದಲ್ಲಿ ಬರೆದಿಡಿ.

ಸಾಲ ಮತ್ತು ಸವಕಳಿ

ಕಂತು ಚಿಕ್ಕದಾಗಿ ಕಾಣಲೆಂದು ಸಾಲದ ಅವಧಿಯನ್ನು ಎಳೆಯುವುದು ದುಬಾರಿ ಗಾಡಿ ಕೊಳ್ಳುವವರು ಮಾಡುವ ಅತಿ ದೊಡ್ಡ ತಪ್ಪು. ಸಾಲದ ಮೊತ್ತವನ್ನು 100 ಎಂದಿಟ್ಟುಕೊಳ್ಳಿ. ಬಾಕಿ ಉಳಿದ ಅಸಲಿನ ಮೇಲಷ್ಟೇ ಲೆಕ್ಕ ಹಾಕುವ ಶೇ. 10ರ ಇಳಿಕೆ ಬಡ್ಡಿಯಲ್ಲಿ ನಾಲ್ಕು ವರ್ಷಕ್ಕೆ ತೀರಿಸಿದರೆ ಒಟ್ಟು ಸುಮಾರು 122 ಕಟ್ಟುತ್ತೀರಿ. ಏಳು ವರ್ಷಕ್ಕೆ ಎಳೆದರೆ 139 ದಾಟುತ್ತದೆ. ಇನ್ನೂ ಕಷ್ಟದ ಸಂಗತಿಯೆಂದರೆ, ಏಳು ವರ್ಷದ ಸಾಲದಲ್ಲಿ ಮೂರು ವರ್ಷ ಕಂತು ಕಟ್ಟಿದ ಮೇಲೂ ಅಸಲಿನಲ್ಲಿ 65ರಷ್ಟು ಬಾಕಿಯಿರುತ್ತದೆ. ಅಷ್ಟರಲ್ಲಿ ಗಾಡಿಯ ಮಾರಾಟ ಬೆಲೆ ಬಾಕಿಗಿಂತ ಕೆಳಗಿಳಿದಿದ್ದರೆ, ಅಪಘಾತವಾಗಲಿ ಕೆಲಸ ಕಳೆದುಕೊಳ್ಳುವುದಾಗಲಿ ಬಂದೊದಗಿದಾಗ ಗಾಡಿಯನ್ನು ಮಾರಿಯೂ ಸಾಲ ತೀರುವುದಿಲ್ಲ. ಮುಂಗಡ ಕಡಿಮೆ ಕೊಟ್ಟವರಿಗೆ ಈ ಅಪಾಯ ಹೆಚ್ಚು.

ಬಡ್ಡಿಯ ದರ ಕೇಳುವಾಗ ಅದು ಇಳಿಕೆ ಬಡ್ಡಿಯೋ ಪೂರ್ತಿ ಅಸಲಿನ ಮೇಲಿನ ಫ್ಲಾಟ್ ಬಡ್ಡಿಯೋ ಎಂದು ಸ್ಪಷ್ಟವಾಗಿ ಕೇಳಿ. ಐದು ವರ್ಷದ ಸಾಲಕ್ಕೆ ಶೇ. 6ರ ಫ್ಲಾಟ್ ಬಡ್ಡಿ ಎಂದರೆ ಇಳಿಕೆ ಬಡ್ಡಿಯ ಲೆಕ್ಕದಲ್ಲಿ ಶೇ. 11ರ ಹತ್ತಿರ ಬರುತ್ತದೆ.

ಹೊಸ ಗಾಡಿಯ ಬೆಲೆ ಅತಿ ವೇಗವಾಗಿ ಕುಸಿಯುವುದು ಮೊದಲ ವರ್ಷಗಳಲ್ಲಿ. ಗಟ್ಟಿಯೆಂದು ಹೆಸರಾದ ಪಿಕಪ್ಪುಗಳು ಇತರ ವಾಹನಗಳಿಗಿಂತ ಚೆನ್ನಾಗಿ ಬೆಲೆ ಉಳಿಸಿಕೊಳ್ಳುತ್ತವೆ ಎಂಬ ಮಾತಿನಲ್ಲಿ ಸತ್ಯವಿದೆ, ಆದರೆ ದುಬಾರಿ ಮಾದರಿಯ ಅಲಂಕಾರಗಳಿಗೆ ಎರಡನೆಯ ಕೊಳ್ಳುಗ ಅಷ್ಟಾಗಿ ಹಣ ಕೊಡುವುದಿಲ್ಲ.

ಬೇರೆ ದಾರಿಗಳು

ಉಪಕರಣ, ಪಾರ್ಸೆಲ್, ಒದ್ದೆಯಾಗಬಾರದ ಸರಕು ಸಾಗಿಸುವವರಿಗೆ ಮುಚ್ಚಿದ ವ್ಯಾನೇ ಒಳ್ಳೆಯದು. ಅದರ ನೆಲ ತಗ್ಗಿರುತ್ತದೆ, ಮಳೆಯ ಭಯವಿಲ್ಲ, ಬೀಗ ಹಾಕಬಹುದು. ತಿಂಗಳಿಗೊಮ್ಮೆ ಭಾರ ಸಾಗಿಸುವವರು ಇರುವ ಕಾರಿಗೇ ಸಣ್ಣ ಟ್ರೇಲರ್ ಹೊಂದಿಸಿಕೊಳ್ಳಬಹುದು, ಕಾರಿನ ಎಳೆಯುವ ಮಿತಿ ನೋಡಿಕೊಂಡು.

ನನಗೆ ಹೆಚ್ಚು ಸರಿಯೆನಿಸುವುದು ಮೂರು ನಾಲ್ಕು ವರ್ಷ ಓಡಿದ ಪಿಕಪ್ಪನ್ನು ಚೆನ್ನಾಗಿ ಪರೀಕ್ಷಿಸಿ ಕೊಳ್ಳುವ ದಾರಿ. ಹಗಲಿನಲ್ಲೇ ಹೋಗಿ, ಟಾರ್ಚ್ ಹಿಡಿದು ಹಿಂಭಾಗದ ಅಡಿಗೆ ಬಾಗಿ ನೋಡಿ. ಲೀಫ್ ಸ್ಪ್ರಿಂಗುಗಳು ಚಾಸಿಸ್ಸಿಗೆ ಸೇರುವ ಜಾಗದಲ್ಲಿ ಕೆಸರು ಕೂತು ತುಕ್ಕು ಹಿಡಿಯುವುದು ಹೆಚ್ಚು. ಮಾರುವವರ ಅನುಮತಿ ಪಡೆದು ಅಲ್ಲಿ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಉಕ್ಕು ಕಣಕಣ ಎನ್ನುತ್ತದೆ, ತುಕ್ಕು ತಿಂದ ಉಕ್ಕು ಮೊಂಡಾಗಿ ಸದ್ದು ಮಾಡಿ ಹಕ್ಕಳೆ ಉದುರಿಸುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಹಿಂಬದಿಯ ಪ್ಲಾಸ್ಟಿಕ್ ಹಾಸನ್ನು ಎತ್ತಿಸಿ ಅದರ ಕೆಳಗಿನ ತಗಡನ್ನು ನೋಡಿ, ಎಳೆಯುವ ಕೊಕ್ಕೆಯ ಗುಂಡು ಎಷ್ಟು ಸವೆದಿದೆ ಎಂದು ನೋಡಿ, ಸಮತಟ್ಟಾದ ನೆಲದಲ್ಲಿ ಗಾಡಿ ಒಂದು ಬದಿಗೆ ವಾಲಿದೆಯೇ ಎಂದು ದೂರ ನಿಂತು ನೋಡಿ. ಆಮೇಲೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ಇನ್ನೊಮ್ಮೆ ಪರೀಕ್ಷಿಸಿಸಿ.

ಹೊಸದೇ ಸರಿಯಾಗುವ ಸಂದರ್ಭ

ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಲ್ಲುವವರಿಗೆ, ಬದಲಿ ಗಾಡಿ ಸಿಗದ ಕಡೆ ದುಡಿಯುವವರಿಗೆ, ಕೊಂಡದ್ದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಳ್ಳುವವರಿಗೆ ಹೊಸ ಪಿಕಪ್ ನ್ಯಾಯವಾದ ಆಯ್ಕೆ. ವಾರಂಟಿಗೆ ಅವರ ಮಟ್ಟಿಗೆ ನಿಜವಾದ ಬೆಲೆಯಿದೆ, ಆರಂಭದ ಸವಕಳಿ ಹಲವು ವರ್ಷಗಳಿಗೆ ಹಂಚಿಹೋಗುತ್ತದೆ. ಅವರೂ ಮೇಲ್ದರ್ಜೆಯ ಮಾದರಿಗೆ ಹೋಗದೆ ಕೆಳಗಿನ ಅಥವಾ ಮಧ್ಯದ ಮಾದರಿಯನ್ನು ಆರಿಸಿ, ಉಳಿದ ಹಣದಲ್ಲಿ ಕೆಲಸಕ್ಕೆ ಬರುವುದನ್ನು ಹಾಕಿಸಿಕೊಳ್ಳಬೇಕು: ಕೆಸರಿನಲ್ಲಿ ಹೋಗುವವರಿಗೆ ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್, ಟ್ರೇಲರ್ ಎಳೆಯುವವರಿಗೆ ಗೇರ್‌ಬಾಕ್ಸ್ ಆಯಿಲನ್ನು ತಂಪಾಗಿಡುವ ಕೂಲರ್ ಮತ್ತು ಟ್ರೇಲರಿನ ಬ್ರೇಕ್ ನಿಯಂತ್ರಕ, ಎಲ್ಲರಿಗೂ ಹಿಂಬದಿಯ ತಗಡನ್ನು ಕಾಪಾಡುವ ಲೇಪನ. ದೊಡ್ಡ ಚಕ್ರ ಬೇಡ. ಅದರ ಟೈರು ದುಬಾರಿ, ಟೈರಿನ ಗೋಡೆ ಗಿಡ್ಡದಾಗಿರುವುದರಿಂದ ಗುಂಡಿಗೆ ಇಳಿದಾಗ ರಿಮ್ಮಿಗೆ ಪೆಟ್ಟು ಬೀಳುವುದೂ ಹೆಚ್ಚು.

ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳುವ ದಿನ ಸಹಿ ಹಾಕುವ ಮುನ್ನ ತಯಾರಾದ ತಿಂಗಳನ್ನು ಪರಿಶೀಲಿಸಿ. ಬಹುಕಾಲ ನಿಂತ ಗಾಡಿಯಾಗಿದ್ದರೆ ಬ್ಯಾಟರಿಯನ್ನು ಪರೀಕ್ಷಿಸಿಸಿ, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುವುದರಿಂದ ಅದನ್ನೂ ಓದಿಕೊಳ್ಳಿ. ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಇರುವ ತಯಾರಕರ ಫಲಕದಲ್ಲಿ ಅನುಮತಿಸಿದ ಒಟ್ಟು ತೂಕವನ್ನು ನೋಡಿ ಬರೆದುಕೊಂಡು, ಟ್ಯಾಂಕು ತುಂಬಿಸಿ ಗಾಡಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿರಿ. ಎರಡರ ನಡುವಿನ ಅಂತರವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಪ್ರತಿ ಬಾರಿ ಸಾಮಾನು ಹೇರುವಾಗ ಕರಪತ್ರದ ಸಂಖ್ಯೆಯ ಬದಲು ನಿಮ್ಮ ಗಾಡಿಯದೇ ಸಂಖ್ಯೆ ಕೈಯಲ್ಲಿರುತ್ತದೆ.